ಮುಚ್ಚಳದ ಕೆಳಗಿನ ಬರಹ

ನಮ್ಮಣ್ಣನಿಗೆ ಉಜ್ಜಪ್ಪ ಎಂದು ಹೆಸರಿಟ್ಟವರು ಯಾರೋ ಗೊತ್ತಿಲ್ಲ. ಹೆಸರಂತೂ ಹೇಳಿ ಮಾಡಿಸಿದಂತಿತ್ತು. ಮೂವತ್ತೊಂದು ವರ್ಷ ಅವನು ಮಾಡಿದ್ದು ಅದೊಂದೇ ಕೆಲಸ, ಮರ ಉಜ್ಜುವುದು. ವಿಮಾನ ಸಂಶೋಧನಾ ಕೇಂದ್ರದ ಹಿಂಬದಿಯಲ್ಲಿ ತಗಡಿನ ಚಾವಣಿಯ ಉದ್ದನೆಯ ಶೆಡ್ಡು. ಅದರ ಉತ್ತರದ ಕಿಟಕಿಯ ಕೆಳಗೆ ಅವನ ಮೇಜು. ಅಲ್ಲಿ ಕೂತು ವಿಮಾನದ ರೆಕ್ಕೆಗಳ ಮರದ ಮಾದರಿ ಮಾಡುತ್ತಿದ್ದ. ನಿಜವಾದ ವಿಮಾನ ಕಟ್ಟುವ ಮೊದಲು ಅದರ ಪುಟ್ಟ ಮಾದರಿಯನ್ನು ಗಾಳಿ ಸುರಂಗದೊಳಗೆ ನಿಲ್ಲಿಸಿ, ಆಳೆತ್ತರದ ಫ್ಯಾನಿನಿಂದ ಗಾಳಿ ಹಾಯಿಸಿ, ರೆಕ್ಕೆ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡುವುದು ನಮ್ಮ ಕೇಂದ್ರದ ಕೆಲಸ. ಮಾದರಿಯ ಮೈಮೇಲೆ ಕೂದಲೆಳೆಯಷ್ಟು ಉಬ್ಬಿದ್ದರೂ ಗಾಳಿಗೆ ಗೊತ್ತಾಗುತ್ತದೆ, ಲೆಕ್ಕವೆಲ್ಲ ತಲೆಕೆಳಗಾಗುತ್ತದೆ. ಅದಕ್ಕೇ ಅಣ್ಣ ಉಜ್ಜುತ್ತಿದ್ದ. ಊಟಕ್ಕೆ ಕರೆಯಲು ಹೋದರೆ "ಬಂದೆ ಇರು" ಎಂದು ಇನ್ನೂ ಅರ್ಧ ಗಂಟೆ ಉಜ್ಜುತ್ತಿದ್ದ. "ನಿಮ್ಮಣ್ಣನಿಗೆ ಮನೇಲಿ ಒಂದು ಪಾತ್ರೆ ಉಜ್ಜೋಕೆ ಹೇಳಿ ನೋಡು, ಸೊಂಟ ಹಿಡ್ಕೊಂಡಿದೆ ಅಂತಾರೆ" ಎಂದು ಅತ್ತಿಗೆ ಗೊಣಗುತ್ತಿದ್ದರು.

ನಾನು ಅವನ ತಂಗಿ. ಅದೇ ಕೇಂದ್ರದಲ್ಲಿ ದಾರ ಅಂಟಿಸುವವಳು. ನಗಬೇಡಿ, ಅದೂ ಒಂದು ಕೆಲಸವೇ. ಬೆರಳುದ್ದದ ಉಣ್ಣೆ ದಾರಗಳನ್ನು ಮಾದರಿ ರೆಕ್ಕೆಯ ಮೇಲೆ ಸಾಲು ಸಾಲಾಗಿ ಅಂಟಿಸುತ್ತೇನೆ. ಗಾಳಿ ರೆಕ್ಕೆಯ ಮೈಗಂಟಿಕೊಂಡು ಹರಿಯುವವರೆಗೆ ದಾರಗಳೆಲ್ಲ ಹಿಂದಕ್ಕೆ ಬಾಚಿದ ತಲೆಯ ಹಾಗೆ ಮಲಗಿರುತ್ತವೆ. ರೆಕ್ಕೆಯ ಮೂತಿಯನ್ನು ಮೇಲೆತ್ತುತ್ತಾ ಹೋದರೆ ಒಂದು ಹಂತದಲ್ಲಿ ಗಾಳಿ ಮೈ ಬಿಡುತ್ತದೆ. ಆಗ ದಾರಗಳು ಎದ್ದು ಹುಚ್ಚುಹುಚ್ಚಾಗಿ ಕುಣಿಯುತ್ತವೆ. ಅದನ್ನು ಸ್ಟಾಲ್ ಎನ್ನುತ್ತಾರೆ. ಆ ಜಾಗದ ರೆಕ್ಕೆ ಇನ್ನು ಭಾರ ಹೊರುವುದಿಲ್ಲ ಎಂದರ್ಥ. ಅದು ಎಲ್ಲಿ ಮೊದಲು ಆಗುತ್ತದೆ ಎನ್ನುವುದೇ ಮುಖ್ಯ. ರೆಕ್ಕೆಯ ಬುಡದಲ್ಲಿ ಮೊದಲಾದರೆ ವಿಮಾನ ನಡುಗಿ ಎಚ್ಚರಿಸುತ್ತದೆ, ಹಾರಿಸುವವರು ಮೂತಿ ಇಳಿಸಿ ಬಚಾವಾಗುತ್ತಾರೆ. ತುದಿಯಲ್ಲಿ ಮೊದಲಾದರೆ ಒಂದು ರೆಕ್ಕೆ ದಿಢೀರನೆ ಕುಸಿದು ವಿಮಾನ ಗಿರಗಿರನೆ ತಿರುಗುತ್ತಾ ನೆಲಕ್ಕೆ ಇಳಿಯುತ್ತದೆ. ಇಷ್ಟು ತಿಳಿದಿದ್ದರೆ ಸಾಕು, ಮುಂದಿನದೆಲ್ಲ ತಾನಾಗಿ ಅರ್ಥವಾಗುತ್ತದೆ.

ಅಣ್ಣನಿಗೆ ಎರಡು ನೇಮಗಳಿದ್ದವು. ಸಹಿ ಬಿದ್ದ ನಕ್ಷೆ ಇಲ್ಲದೆ ಮರಕ್ಕೆ ಉಳಿ ಮುಟ್ಟಿಸುತ್ತಿರಲಿಲ್ಲ. ನಿರ್ದೇಶಕರೇ ಬಂದು "ಇಲ್ಲಿ ಒಂಚೂರು ತೆಗೆದುಬಿಡಪ್ಪ" ಎಂದರೂ "ಕಾಗದ ತನ್ನಿ ಸಾರ್, ತೆಗೆಯೋಣಂತೆ" ಎಂದು ತಲೆ ಎತ್ತದೆ ಹೇಳುತ್ತಿದ್ದ. ಇನ್ನೊಂದು ನೇಮ ಅವನದೇ ಸ್ವಂತದ್ದು. ಪ್ರತಿ ಮಾದರಿಯ ಹೊಟ್ಟೆಯಲ್ಲಿ ಅದನ್ನು ಕಂಬಕ್ಕೆ ಸಿಕ್ಕಿಸುವ ಕಡೆ ಅಂಗೈಯಗಲದ ಸಪಾಟು ಜಾಗವಿರುತ್ತದೆ, ಅದರ ಮೇಲೆ ನಾಲ್ಕು ಸ್ಕ್ರೂ ಹಾಕಿದ ಲೋಹದ ಮುಚ್ಚಳ. ಆ ಮುಚ್ಚಳದ ಕೆಳಗೆ, ಮರದ ಮೇಲೇ, ಅವನು ಪೆನ್ಸಿಲಿನಲ್ಲಿ ಬರೆದಿಡುತ್ತಿದ್ದ. ಯಾವ ದಿನ ಏನು ಮಾಡಿದೆ, ಅಳತೆ ಎಲ್ಲಿ ಎಷ್ಟು ಬಿಟ್ಟಿದೆ, ಯಾರು ಹೇಳಿದ್ದು, ಎಲ್ಲ. "ರಿಜಿಸ್ಟರ್ ಎಲ್ಲೋ ಇರುತ್ತೆ, ಮಾದರಿ ಎಲ್ಲೋ ಹೋಗುತ್ತೆ. ಇದರ ಮಾತು ಇದರ ಹೊಟ್ಟೇಲೇ ಇರ್ಲಿ" ಎನ್ನುತ್ತಿದ್ದ. ಆ ಬರಹದಲ್ಲಿ ಒಂದು ಸುಳ್ಳು ಅಂಕಿ ಬರೆದವನಲ್ಲ. ಕೈ ತಪ್ಪಿದ ಕಡೆ "ಇಲ್ಲಿ ನನ್ನ ಕೈ ತಪ್ಪಿದೆ" ಎಂದೂ ಬರೆದಿರುತ್ತಿದ್ದ.

ಇನ್ನು ನಮ್ಮ ತಮ್ಮ. ಅವನ ಸುದ್ದಿ ಎತ್ತಿದರೆ ಈಗಲೂ ನನ್ನ ಮೈ ಉರಿಯುತ್ತದೆ, ಆದರೆ ಎತ್ತದೆ ಇರಲಾಗುವುದಿಲ್ಲ. ಅಪ್ಪ ಹೋದಾಗ ಅವನು ಇನ್ನೂ ಶಾಲೆಗೆ ಸೇರಿರಲಿಲ್ಲ. ಅಣ್ಣ ಅವನನ್ನು ತಮ್ಮನಂತಲ್ಲ, ಮಗನಂತೆ ಸಾಕಿದ. ಅವನು ವಾಯುಚಲನ ಶಾಸ್ತ್ರ ಓದುತ್ತೇನೆ, ವಿಮಾನ ವಿನ್ಯಾಸ ಮಾಡುತ್ತೇನೆ ಎಂದಾಗ ಅಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. "ನಾನು ಕೈಯಲ್ಲಿ ಮುಟ್ಟಿ ತಿಳ್ಕೊಂಡಿದ್ದನ್ನ ನನ್ನ ತಮ್ಮ ಲೆಕ್ಕದಲ್ಲಿ ತಿಳ್ಕೋತಾನೆ" ಎಂದು ಕಂಡಕಂಡವರಿಗೆಲ್ಲ ಹೇಳಿಕೊಂಡು ಓಡಾಡಿದ. ತಮ್ಮ ಕಾಲೇಜಿನ ರಜೆಯಲ್ಲಿ ಶೆಡ್ಡಿಗೆ ಬರುತ್ತಿದ್ದ. ಪುಸ್ತಕದ ಸಮೀಕರಣಗಳಲ್ಲಿ ಮುಳುಗಿ ತಲೆ ಕೆಟ್ಟು ಕೂತರೆ, ಅಣ್ಣ ಒಂದು ಹಾಳೆಯ ತುದಿಯನ್ನು ತುಟಿಗೆ ಹಿಡಿದು ಅದರ ಮೇಲ್ಗಡೆ ಊದುತ್ತಿದ್ದ. ಜೋತುಬಿದ್ದ ಹಾಳೆ ಎದ್ದು ನಿಲ್ಲುತ್ತಿತ್ತು. "ನೋಡು, ನಾನೇನು ಕೆಳಗಿಂದ ತಳ್ಳಿದ್ನಾ? ಮೇಲೆ ಗಾಳಿ ಓಡ್ತು, ಇದು ಎದ್ದು ಬಂತು. ನಿನ್ನ ದಪ್ಪ ಪುಸ್ತಕದಲ್ಲಿ ಇರೋದೂ ಇದೇ ಕಣೋ!" ಮೂವರೂ ನಗುತ್ತಿದ್ದೆವು.

ಉಜ್ಜುವುದನ್ನು ಅಣ್ಣ ಸುಮ್ಮಸುಮ್ಮನೆ ಯಾರಿಗೂ ಕಲಿಸುತ್ತಿರಲಿಲ್ಲ. ಮರಳುಕಾಗದವನ್ನು ಹಳೆಯ ಬೆಲ್ಟಿನ ಚರ್ಮದ ತುಂಡಿಗೆ ಸುತ್ತಿ, ಮರದ ಎಳೆಯ ಉದ್ದಕ್ಕೇ ಎಳೆಯಬೇಕು. ಆಮೇಲೆ ಒದ್ದೆ ಬಟ್ಟೆಯಲ್ಲಿ ಒರೆಸಿ ಒಣಗಲು ಬಿಡಬೇಕು. ಒಣಗುವಾಗ ಮರದ ಕೂದಲಿನಂಥ ನವಿರು ಮೇಲೇಳುತ್ತದೆ. ಅದನ್ನು ಸವೆದ ಕಾಗದದಲ್ಲಿ ಇನ್ನೊಮ್ಮೆ ತೆಗೆಯಬೇಕು. ಶೆಡ್ಡಿನಲ್ಲಿ ಬೇರೆ ಯಾರಿಗೂ ಅಷ್ಟು ತಾಳ್ಮೆ ಇರಲಿಲ್ಲ. ಅವನು ಹೀಗೆ ಕೈ ಹಿಡಿದು ಕಲಿಸಿದ್ದು ಇಬ್ಬರಿಗೇ, ನನಗೆ ಮತ್ತು ತಮ್ಮನಿಗೆ. ತಮ್ಮನ ಕೊನೆಯ ವರ್ಷದ ಪ್ರಾಜೆಕ್ಟಿಗೆ ಮೂವರೂ ಸೇರಿ ಒಂದು ಪುಟ್ಟ ರೆಕ್ಕೆ ಮಾಡಿದೆವು. ಅದರ ಮುಚ್ಚಳದ ಕೆಳಗೆ ಒಬ್ಬೊಬ್ಬರು ಒಂದೊಂದು ಸಾಲು ಬರೆದೆವು. 'ಮಾಡಿದವನು ಅಣ್ಣ.' 'ದಾರ ಅಂಟಿಸಿದವಳು ಅಕ್ಕ.' 'ಉಜ್ಜಿದವನು ತಮ್ಮ.' ಅದು ಅಣ್ಣನ ಮನೆಯ ಬೀರುವಿನ ಮೇಲೆ ಇವತ್ತಿಗೂ ಇದೆ.

ತಮ್ಮ ನಮ್ಮ ಕೇಂದ್ರಕ್ಕೇ ಇಂಜಿನಿಯರ್ ಆಗಿ ಬಂದ. ಆಫೀಸಿನಲ್ಲಿ ನಮ್ಮನ್ನು 'ನೀವು' ಎನ್ನುತ್ತಿದ್ದ, ಮನೆಗೆ ಬಂದರೆ ಅಣ್ಣನ ತಟ್ಟೆಗೇ ಕೈ ಹಾಕುತ್ತಿದ್ದ. ಹತ್ತು ವರ್ಷದಲ್ಲಿ ಮೇಲೇರಿ, ಹೊಸದೊಂದು ಎರಡು ಸೀಟಿನ ತರಬೇತಿ ವಿಮಾನದ ರೆಕ್ಕೆಯ ವಿನ್ಯಾಸ ಅವನ ಪಾಲಿಗೆ ಬಂತು. ಹಾರಲು ಕಲಿಯುವ ಮಕ್ಕಳು ಕೂರುವ ವಿಮಾನ ಅದು. ಅಣ್ಣ ಆ ಮಾದರಿಯನ್ನು ಉಳಿದೆಲ್ಲ ಮಾದರಿಗಿಂತ ಒಂದು ವಾರ ಹೆಚ್ಚೇ ಉಜ್ಜಿದ.

ಮೊದಲ ಸಲ ಸುರಂಗಕ್ಕೆ ಇಟ್ಟ ದಿನ ನಾವು ಮೂವರೇ ಇದ್ದೆವು. "ಇದು ಪರೀಕ್ಷೆ ಅಲ್ಲ, ಬರೀ ತಾಲೀಮು. ಫೋಟೋ ಬೇಡ, ರಿಜಿಸ್ಟರಲ್ಲಿ ಬರೀಬೇಡ" ಎಂದ ತಮ್ಮ. ಗಾಜಿನ ಕಿಟಕಿಗೆ ಮೂಗು ಒತ್ತಿ ನಿಂತೆವು. ಹತ್ತು ಡಿಗ್ರಿ, ಹನ್ನೆರಡು, ಹದಿಮೂರು. ಬುಡದ ದಾರಗಳು ಇನ್ನೂ ಮಲಗಿದ್ದವು. ತುದಿಯ ದಾರಗಳು ಎದ್ದು ಕುಣಿಯತೊಡಗಿದವು. ಅಣ್ಣ ಮೆಲ್ಲಗೆ, "ತುದಿ ಮೊದಲು ಬಿಡ್ತಾ ಇದೆಯಲ್ಲೋ" ಎಂದ.

ತಮ್ಮ ಬೆವರು ಒರೆಸಿಕೊಂಡ. ಹತ್ತು ದಿನಕ್ಕೆ ದೊಡ್ಡವರೆಲ್ಲ ಬಂದು ನೋಡುವ ಪರೀಕ್ಷೆ ಇತ್ತು. ಮರುದಿನ ಅಣ್ಣನ ಮನೆಗೇ ಬಂದ.

"ಅಣ್ಣಾ, ತುದಿಯ ಮೂತಿ ಎರಡು ಡಿಗ್ರಿ ಕೆಳಗೆ ತಿರುಚಿದ್ರೆ ಸರಿಹೋಗುತ್ತೆ. ತುದಿಗೆ ಗಾಳಿ ಕಡಿಮೆ ಕೋನದಲ್ಲಿ ತಗಲುತ್ತೆ, ಬುಡವೇ ಮೊದಲು ಬಿಡುತ್ತೆ."

"ಗೊತ್ತು. ನಕ್ಷೆ ತಿದ್ದಿ ಸಹಿ ಹಾಕ್ಸಿ ಕೊಡು, ಮಾಡ್ತೀನಿ."

"ತಿದ್ದುತೀನಿ. ಸಹಿಗೆ ವಾರ ಹಿಡಿಯುತ್ತೆ. ನೀನು ಶುರು ಮಾಡಿರು. ನನ್ನ ಮೇಲೆ ನಂಬಿಕೆ ಇಲ್ವಾ?"

ಮೂವತ್ತು ವರ್ಷದಲ್ಲಿ ಮೊದಲ ಸಲ ಅಣ್ಣ ಕಾಗದವಿಲ್ಲದೆ ಮರ ಮುಟ್ಟಿದ. ತುದಿಯ ಭಾಗ ಕೊಯ್ದು, ನಡುವೆ ತೆಳ್ಳನೆ ಬೆಣೆ ಕೂರಿಸಿ, ತಿರುಚಿ ಅಂಟಿಸಿ, ನಾಲ್ಕು ದಿನ ಉಜ್ಜಿ ಸೇರಿಕೆ ಎಲ್ಲಿದೆ ಎಂದು ಗೊತ್ತಾಗದ ಹಾಗೆ ಮಾಡಿದ. ಮುಚ್ಚಳ ಹಾಕುವ ಮುಂಚೆ ಎಂದಿನಂತೆ ಬರೆದ. ನಾನು ಪಕ್ಕದಲ್ಲೇ ನಿಂತು ಓದಿದೆ. 'ತುದಿ ಎರಡು ಡಿಗ್ರಿ ಕೆಳಕ್ಕೆ. ತಮ್ಮ ಹೇಳಿದ್ದು. ತಿದ್ದಿದ ನಕ್ಷೆ ಬರಬೇಕು.' ಪರೀಕ್ಷೆಯ ಹಿಂದಿನ ದಿನ "ನಕ್ಷೆ ಏನಾಯ್ತೋ?" ಎಂದು ಕೇಳಿದ. "ಆಯ್ತಣ್ಣ, ತಿದ್ದಿದ್ದೀನಿ" ಎಂದ. ಪರೀಕ್ಷೆ ಮುಗಿದ ಮೇಲೂ ಕೇಳಿದ. "ಆಯ್ತು ಅಂದ್ನಲ್ಲ ಅಣ್ಣ, ಎಷ್ಟು ಸಲ ಕೇಳ್ತೀಯ!" ಎಂದು ನಕ್ಕ. ಅವತ್ತು ದಾರಗಳು ಬುಡದಿಂದ ಎದ್ದಿದ್ದವು, ದೊಡ್ಡವರು ತಮ್ಮನ ಬೆನ್ನು ತಟ್ಟಿದ್ದರು, ನಾನೂ ಹಿಗ್ಗಿ ಹೀರೇಕಾಯಿ ಆಗಿದ್ದೆ.

ನಕ್ಷೆಯನ್ನು ಅವನು ತಿದ್ದಿರಲೇ ಇಲ್ಲ. ನಿಜವಾದ ರೆಕ್ಕೆಗೆ ಬೇಕಾದ ಲೋಹದ ಅಚ್ಚುಗಳು ಹಳೆಯ ನಕ್ಷೆಯಂತೆ ಆಗಲೇ ತಯಾರಾಗಿದ್ದವು. ತಿದ್ದಿದರೆ ಆರು ತಿಂಗಳು ತಡ, ತಪ್ಪು ಯಾರದು ಎಂಬ ಪ್ರಶ್ನೆ, ಮುಂದಿನ ಪದವಿಗೆ ಕಲ್ಲು. ಲೆಕ್ಕದಲ್ಲಿ ಎಲ್ಲ ಸರಿಯಿದೆ, ಮಾದರಿ ಚಿಕ್ಕದಾದ್ದರಿಂದ ಹಾಗೆ ತೋರಿತು, ದೊಡ್ಡ ರೆಕ್ಕೆ ಹಾಗೆ ಮಾಡಲಾರದು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಿರಬೇಕು. ಇದೆಲ್ಲ ನಮಗೆ ತಿಳಿದದ್ದು ಒಂದು ವರ್ಷದ ಮೇಲೆ, ವಿಮಾನ ಬಿದ್ದ ಬಳಿಕ.

ಅದನ್ನು ಹಾರಿಸಿದ್ದು ಪರೀಕ್ಷಾ ವಿಭಾಗದ ಪೈಲಟ್, ಮೂವತ್ತು ದಾಟದ ಹೆಣ್ಣುಮಗಳು. ವೇಗ ಇಳಿಸಿ ಮೂತಿ ಎತ್ತಿದಾಗ ಎಡ ರೆಕ್ಕೆ ಕುಸಿಯಿತು. ಪ್ಯಾರಾಚೂಟ್ ತೆರೆದುಕೊಂಡಿದ್ದರಿಂದ ಜೀವ ಉಳಿಯಿತು, ಸೊಂಟ ಮುರಿಯಿತು. ಅಣ್ಣ ಆಸ್ಪತ್ರೆಗೆ ಹೋದ, ನಾನೂ ಹೋದೆ. "ನಡುಗಲೇ ಇಲ್ಲ ಸಾರ್," ಎಂದಳು ಆಕೆ, ಚಾವಣಿ ನೋಡುತ್ತಾ. "ಬುಡ ಮೊದಲು ನಡುಗುತ್ತೆ ಅಂತ ಸುರಂಗದ ಪರೀಕ್ಷೆ ವರದೀಲಿ ಓದಿದ್ದೆ. ಅದನ್ನೇ ಕಾಯ್ತಾ ಇದ್ದೆ." ಅಣ್ಣ ಮಂಚದ ಕಂಬಿ ಹಿಡಿದು ನಿಂತಿದ್ದ. ರಾತ್ರಿ ಊಟ ಮಾಡಲಿಲ್ಲ.

ತನಿಖಾ ಸಮಿತಿ ಕೂತಿತು. ಮಾದರಿಯನ್ನು ಹಳೆಯ ನಕ್ಷೆಯೊಂದಿಗೆ ಅಳೆದರು, ತುದಿ ತಾಳೆಯಾಗಲಿಲ್ಲ. ಯಾರು ತಿರುಚಿದ್ದು? ಹೇಳಿಕೆಯಲ್ಲಿ ತಮ್ಮ ಬರೆದುಕೊಟ್ಟ, 'ಮಾದರಿ ವಿಭಾಗದ ಕೆಲಸಗಾರರ ಕೈತಪ್ಪಿನಿಂದ ಹೀಗಾಗಿರಬಹುದು.' ಕೆಲಸಗಾರರಂತೆ! ಬಾಯಿಗೆ ಅನ್ನ ಕಲಸಿ ಇಟ್ಟ ಕೈಗೆ ಅವನು ಕೊಟ್ಟ ಹೆಸರು ಅದು. ಸಮಿತಿ ಅದನ್ನು ಒಪ್ಪಿದರೆ ನಿವೃತ್ತಿಗೆ ಎರಡು ವರ್ಷವಿದ್ದ ಅಣ್ಣನ ಕೆಲಸ ಹೋಗುತ್ತಿತ್ತು. ಅದು ಹೋಗಲಿ, ಆ ಹೆಣ್ಣುಮಗಳ ಮುರಿದ ಸೊಂಟ ಅವನ ತಲೆಗೆ ಬರುತ್ತಿತ್ತು. ನಾನು ಕೂಗಾಡಿದೆ. ಅಣ್ಣ ಮಾತ್ರ, "ಹೆದರಿ ಹಾಗೆ ಬರ್ದಿದ್ದಾನೆ ಬಿಡು. ಮುಚ್ಚಳ ತೆಗೆದ್ರೆ ಎಲ್ಲ ಇದೆಯಲ್ಲ" ಎಂದ.

ಇಲ್ಲಿ ನನ್ನ ಮೂರ್ಖತನ ಹೇಳಲೇಬೇಕು. ಮಾದರಿಗಳ ಕೋಣೆಯ ಕೀಲಿ ಇರುತ್ತಿದ್ದುದು ನನ್ನ ಹತ್ತಿರ. ಯಾರಿಗೆ ಕೊಟ್ಟರೂ ರಿಜಿಸ್ಟರಿನಲ್ಲಿ ಬರೆಸಿಕೊಳ್ಳುವುದು ನಿಯಮ. ವಿಚಾರಣೆಗೆ ಎರಡು ದಿನವಿದೆ ಎನ್ನುವಾಗ ತಮ್ಮ ಊಟದ ಹೊತ್ತಿಗೆ ಬಂದ. ಮುಖ ಇಳಿದುಹೋಗಿತ್ತು. ನನ್ನ ಡಬ್ಬಿಯಿಂದ ಎರಡು ತುತ್ತು ತಿಂದ. "ಅಕ್ಕಾ, ನಾನು ಬರ್ದಿದ್ದು ತಪ್ಪು. ಸರಿ ಮಾಡ್ತೀನಿ. ಒಂದ್ಸಲ ಅಳತೆ ತಗೋಬೇಕು, ಕೀಲಿ ಕೊಡು" ಎಂದ. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ತಮ್ಮನ ಹತ್ತಿರ ಸಹಿ ಯಾಕೆ ಎಂದು ರಿಜಿಸ್ಟರ್ ತೆಗೆಯಲೇ ಇಲ್ಲ. ಒಂದೂವರೆ ಗಂಟೆ ಬಿಟ್ಟು ಕೀಲಿ ತಂದುಕೊಟ್ಟ. ಅವನ ತೋಳಿನ ಮೇಲೆ ಬಿಳಿ ಧೂಳು ಹತ್ತಿತ್ತು. "ನೋಡ್ಕೋಬಾರ್ದೇನೋ" ಎಂದು ನನ್ನ ಕೈಯಾರೆ ಕೊಡವಿ ಕಳಿಸಿದೆ.

ವಿಚಾರಣೆ ನಡೆದದ್ದು ಎರಡನೇ ಮಹಡಿಯ ಸಭಾಕೋಣೆಯಲ್ಲಿ. ಮಾದರಿಯನ್ನು ಮೇಜಿನ ಮೇಲೆ ಮಗುಚಿ ಇಟ್ಟಿದ್ದರು. ಅಧ್ಯಕ್ಷೆ ವಯಸ್ಸಾದ ಹೆಂಗಸು, ಒಂದು ಮಾತು ಹೆಚ್ಚಿಲ್ಲ ಕಡಿಮೆಯಿಲ್ಲ.

"ಯಾರ ಅಪ್ಪಣೆ ಮೇಲೆ ತಿರುಚಿದ್ರಿ?" ಎಂದು ಅಣ್ಣನನ್ನು ಕೇಳಿದರು.

"ನಾನು ಬಾಯಲ್ಲಿ ಯಾಕೆ ಹೇಳ್ಲಿ ಮೇಡಂ. ಮುಚ್ಚಳ ತೆಗೀರಿ, ಬರ್ದಿದ್ದೀನಿ."

ಒಬ್ಬರು ನಾಲ್ಕು ಸ್ಕ್ರೂ ಬಿಚ್ಚಿದರು. ಮುಚ್ಚಳ ಎತ್ತಿದರು. ಮರ ತೊಳೆದಿಟ್ಟಷ್ಟು ಸ್ವಚ್ಛವಾಗಿತ್ತು. ಒಂದು ಅಕ್ಷರವಿಲ್ಲ. ಅಣ್ಣ ಮುಂದೆ ಬಂದು ಅಲ್ಲಿ ಹೆಬ್ಬೆರಳು ಇಟ್ಟ. ಎಳೆಯ ಉದ್ದಕ್ಕೆ ಒಮ್ಮೆ ಸವರಿದ, ಅಡ್ಡಕ್ಕೆ ಒಮ್ಮೆ ಸವರಿದ. ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿಸಿ, ಎದ್ದ ನವಿರನ್ನು ಎರಡನೇ ಸಲ ತೆಗೆದ ಮರ ಅದು. ಅವನಿಗೆ ಗೊತ್ತಾಯಿತು. ನನಗೂ ಗೊತ್ತಾಯಿತು. ಅಣ್ಣ ತಲೆ ಎತ್ತಿ ತಮ್ಮನನ್ನು ನೋಡಿದ. ತಮ್ಮ ತನ್ನ ಮುಂದಿದ್ದ ಕಾಗದಗಳನ್ನು ಜೋಡಿಸುತ್ತಿದ್ದ.

"ಇಲ್ಲಿ ಬರ್ದಿದ್ದೆ," ಎಂದ ಅಣ್ಣ. "ಯಾರೋ ಉಜ್ಜಿದ್ದಾರೆ."

"ಕೋಣೆಯ ಕೀಲಿ ಯಾರ ಹತ್ರ ಇರುತ್ತೆ?"

ನಾನು ಬಾಯಿ ತೆರೆಯುವ ಮೊದಲೇ ತಮ್ಮ ಮಾತಾಡಿದ. ದನಿ ನಡುಗಲಿಲ್ಲ. "ಕೀಲಿ ಅವರ ತಂಗಿ ಹತ್ರ ಇರುತ್ತೆ ಮೇಡಂ. ಅವರಿಗೂ ಈ ಕೆಲಸ ಚೆನ್ನಾಗಿ ಬರುತ್ತೆ. ಅಣ್ಣನ ತಪ್ಪು ಅಲ್ಲಿ ಬರೆದಿತ್ತೇನೋ. ಅಣ್ಣನ್ನ ಉಳಿಸೋಕೆ ಹೀಗೆ ಮಾಡಿರಬಹುದು."

ಅವರ ತಂಗಿ! ಅವನಿಗೆ ನಾನು ಯಾರೂ ಅಲ್ಲವೆ? ಕುರ್ಚಿ ಹಿಂದಕ್ಕೆ ಬೀಳುವಂತೆ ಎದ್ದು ನಿಂತೆ. "ಸುಳ್ಳುಬುರುಕ! ನನ್ನ ಡಬ್ಬೀಲಿ ಉಂಡು ಕೀಲಿ ಇಸ್ಕೊಂಡು ಹೋದೆಯಲ್ಲೋ!" ಎಂದು ಕಿರುಚಿದೆ.

"ಕೀಲಿ ಕೊಟ್ಟಿದ್ದು ರಿಜಿಸ್ಟರಲ್ಲಿ ಇದೆಯಾ?" ಎಂದರು ಅಧ್ಯಕ್ಷೆ.

ಇರಲಿಲ್ಲ. ಎಲ್ಲಿಂದ ಬರಬೇಕು?

"ಸಾಕ್ಷಿ ಅಳಿಸೋದು ಅಪರಾಧ. ಇದು ಪೊಲೀಸರ ತನಕ ಹೋಗುತ್ತೆ, ನಿಮಗೆ ಗೊತ್ತಿದೆ ತಾನೆ?" ಎಂದು ಅವರು ನನ್ನತ್ತ ನೋಡಿದರು. ಕೋಣೆಯಲ್ಲಿದ್ದವರೆಲ್ಲ ನನ್ನತ್ತ ನೋಡಿದರು, ತಮ್ಮನೊಬ್ಬನನ್ನು ಬಿಟ್ಟು.

ಆಗ ಅಣ್ಣ ಹೆಬ್ಬೆರಳನ್ನು ಮರದಿಂದ ತೆಗೆದ. "ಅವಳು ಏನೂ ಮಾಡಿಲ್ಲ ಮೇಡಂ. ಅಲ್ಲಿ ಏನೂ ಬರ್ದಿರಲಿಲ್ಲ. ಬರ್ದಿದ್ದೀನಿ ಅಂತ ನಾನೇ ಸುಳ್ಳು ಹೇಳ್ದೆ. ಖಾಲಿ ಮರ, ಖಾಲಿಯಾಗೇ ಇತ್ತು. ರೆಕ್ಕೆ ತಿರುಚಿದ್ದು ನನ್ನ ಕೈತಪ್ಪು."

"ಅಣ್ಣಾ!" ಎಂದೆ.

"ನೀನು ಸುಮ್ನಿರು" ಎಂದ. ಅಷ್ಟು ಮೆತ್ತಗೆ ಅವನು ನನಗೆ ಯಾವತ್ತೂ ಗದರಿರಲಿಲ್ಲ. ನಾನು ಸುಮ್ಮನಿರಲಿಲ್ಲ, ಇದ್ದದ್ದನ್ನೆಲ್ಲ ಹೇಳಿದೆ, ಅತ್ತೆ, ಆಣೆ ಮಾಡಿದೆ. ಅಣ್ಣನನ್ನು ಉಳಿಸಲು ಹೆಣಗುತ್ತಿರುವ ತಂಗಿಯ ಮಾತು ಎಂದು ಅವರು ಕರುಣೆಯಿಂದ ಕೇಳಿಸಿಕೊಂಡರು, ಬರೆದುಕೊಳ್ಳಲಿಲ್ಲ. ಅಣ್ಣ ತನ್ನ ಹೇಳಿಕೆಗೆ ಸಹಿ ಹಾಕಿದ. ಬದುಕಿನಲ್ಲಿ ಅವನು ಬರೆದ ಒಂದೇ ಒಂದು ಸುಳ್ಳು ಅದು, ಮುಚ್ಚಳದ ಕೆಳಗಲ್ಲ, ಎಲ್ಲರೂ ಓದುವ ಕಡೆ.

ಹೊರಗೆ ಮೆಟ್ಟಿಲ ಬಳಿ ತಮ್ಮ ಕಾದಿದ್ದ. "ಅಣ್ಣಾ..." ಎಂದ. ಅಣ್ಣ ನಿಂತ. ಬೈಯುತ್ತಾನೆ, ಕೆನ್ನೆಗೆ ಬಾರಿಸುತ್ತಾನೆ ಎಂದುಕೊಂಡೆ. ದೇವರಾಣೆಗೂ ಹಾಗೇ ಆಗಲಿ ಎಂದು ಆಸೆಪಟ್ಟೆ.

"ಚೆನ್ನಾಗಿ ಉಜ್ಜಿದ್ದೀಯ" ಎಂದ ಅಣ್ಣ. "ಎರಡನೇ ಸಲ ನೀರು ಹಾಕಿ ಒರೆಸೋದೂ ಮರೆತಿಲ್ಲ." ಮತ್ತೆ ಮೆಟ್ಟಿಲಿಳಿದು ಹೋದ. ಆಮೇಲೆ ಅವನು ಆ ಕೇಂದ್ರದೊಳಗೆ ಕಾಲಿಡಲಿಲ್ಲ.

ವಿಮಾನ ಈಗ ಹಾರುತ್ತದೆ. ಹೊಸ ಅಚ್ಚು ಮಾಡಿಸಿ ರೆಕ್ಕೆಯ ತುದಿಯನ್ನು ಎರಡು ಡಿಗ್ರಿ ಕೆಳಕ್ಕೆ ತಿರುಚಿದರು, ಅಣ್ಣ ಬೆಣೆ ಇಟ್ಟ ಜಾಗದಿಂದಲೇ. ಆ ನಕ್ಷೆಯ ಮೇಲೆ ತಮ್ಮನ ಸಹಿ ಇದೆ. ಆ ಹೆಣ್ಣುಮಗಳು ಕೋಲು ಹಿಡಿದು ನಡೆಯುತ್ತಾಳೆ. ಅಣ್ಣ ಎದುರಾದರೆ ರಸ್ತೆ ದಾಟಿ ಆಚೆ ಹೋಗುತ್ತಾಳೆ. ಅವಳದೇನು ತಪ್ಪು, ಸಮಿತಿಯ ವರದಿಯಲ್ಲಿ ತಪ್ಪು ಅಣ್ಣನದೆಂದೇ ಬರೆದಿದೆ. ಅವಳು ದಾಟಿದ ದಿನ ಅಣ್ಣ ಮನೆಯಲ್ಲಿ ಯಾರ ಜೊತೆಯೂ ಮಾತಾಡುವುದಿಲ್ಲ.

ಕಳೆದ ವಾರ ಅಂಥದೊಂದು ದಿನ ಅಣ್ಣನ ಮನೆಗೆ ಹೋಗಿದ್ದೆ. ಅವನು ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದ. ಅತ್ತಿಗೆ ಕಣ್ಣು ಒರೆಸಿಕೊಳ್ಳುತ್ತಾ ಬಟ್ಟೆ ಮಡಚುತ್ತಿದ್ದರು. ನಾನು ಸ್ಟೂಲು ಹತ್ತಿ ಬೀರುವಿನ ಮೇಲಿದ್ದ ಆ ಪುಟ್ಟ ರೆಕ್ಕೆಯನ್ನು ಇಳಿಸಿದೆ. ಮುಚ್ಚಳದ ನಾಲ್ಕು ಸ್ಕ್ರೂ ಬಿಚ್ಚಿದೆ. ಮೂರು ಸಾಲುಗಳೂ ಹಾಗೇ ಇದ್ದವು. ಅಣ್ಣನ ಡಬ್ಬಿಯಿಂದ ಚರ್ಮದ ತುಂಡು ತೆಗೆದು ಮರಳುಕಾಗದ ಸುತ್ತಿದೆ. ಮೂರನೇ ಸಾಲನ್ನು ಎಳೆಯ ಉದ್ದಕ್ಕೆ ಉಜ್ಜಿದೆ. ಒದ್ದೆ ಬಟ್ಟೆಯಲ್ಲಿ ಒರೆಸಿದೆ, ಒಣಗುವವರೆಗೆ ಕಾದೆ, ಎದ್ದ ನವಿರನ್ನು ಇನ್ನೊಮ್ಮೆ ತೆಗೆದೆ. ಅಣ್ಣ ಎದ್ದು ಬಂದು ಬಾಗಿಲಲ್ಲಿ ನಿಂತು ನೋಡುತ್ತಿದ್ದ, ಬೇಡ ಎನ್ನಲಿಲ್ಲ. ಮುಗಿದ ಮೇಲೆ ಹತ್ತಿರ ಬಂದು ಹೆಬ್ಬೆರಳು ಆಡಿಸಿದ. ಅಲ್ಲಿ ಈಗ ಎರಡೇ ಸಾಲು ಇವೆ.